ಬೇಡ ಎಂದು ಬರೆದ ವಾರ್ಡ್

ಆಸ್ಪತ್ರೆಯಲ್ಲಿ ನರ್ಸ್‌ಗಳ ಡ್ಯೂಟಿ ಪಟ್ಟಿ ಬರೆಯುವವಳು ನಾನು. ಹೊಸದಾಗಿ ಕೆಲಸಕ್ಕೆ ಸೇರಿದ ಶುಶ್ರೂಷಕಿಯರನ್ನು ಎದುರು ಕೂರಿಸಿಕೊಂಡು "ಯಾವ ವಾರ್ಡ್ ಬೇಕಮ್ಮ?" ಎಂದು ಕೇಳಿದರೆ ಹೆಚ್ಚಿನವರು ಐಸಿಯು ಎನ್ನುತ್ತಾರೆ. ಏಕೆ ಎಂದರೆ ಕೆಲವರು ನಿಜ ಹೇಳಿಬಿಡುತ್ತಾರೆ: ಐಸಿಯುನಲ್ಲಿ ಎರಡು ವರ್ಷ ಕಳೆದರೆ ಗಲ್ಫ್‌ಗೋ ಐರ್ಲೆಂಡ್‌ಗೋ ಅರ್ಜಿ ಹಾಕಲು ಅನುಕೂಲ. ಅದರಲ್ಲಿ ತಪ್ಪೇನೂ ಇಲ್ಲ, ಸಾಲ ಮಾಡಿ ಓದಿಸಿದ ಮನೆಯವರು ಊರಿನಲ್ಲಿ ಕಾಯುತ್ತಿರುತ್ತಾರೆ. ಆದರೆ ವೆಂಟಿಲೇಟರ್ ಮೇಲಿರುವ ರೋಗಿ ಮಾತನಾಡುವುದಿಲ್ಲ, ನಕ್ಕು ಕಳುಹಿಸುವುದಿಲ್ಲ. ಅಲಾರಂ ಸದ್ದಿನ ನಡುವೆ ಎಂಟು ತಾಸು ಒಂದೇ ಹಾಸಿಗೆಯ ಪಕ್ಕ ನಿಲ್ಲುವುದು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದು ಅವರಿಗೆ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ.

ನಮ್ಮಲ್ಲಿ ನರ್ಸ್ ತನ್ನ ವಿಭಾಗವನ್ನು ಆರಿಸಿಕೊಳ್ಳುವುದಕ್ಕಿಂತ ಡ್ಯೂಟಿ ಪಟ್ಟಿಯೇ ಆಕೆಯನ್ನು ಆರಿಸುವುದು ಹೆಚ್ಚು. ಕೆಲಸಕ್ಕೆ ಸೇರಿದಾಗ ನಾನು ಬಯಸಿದ್ದು ಮಕ್ಕಳ ವಾರ್ಡ್. ಹಾಕಿದ್ದು ಗಂಡಸರ ಸರ್ಜಿಕಲ್ ವಾರ್ಡಿಗೆ. ಮೊದಲ ತಿಂಗಳು ಅತ್ತಿದ್ದೇನೆ. ಆಮೇಲೆ ಸಕ್ಕರೆ ಕಾಯಿಲೆಯ ರೈತರೊಬ್ಬರ ಕಾಲಿನ ಹುಣ್ಣಿಗೆ ದಿನವೂ ಡ್ರೆಸಿಂಗ್ ಮಾಡುತ್ತಾ ಹೋದಂತೆ, ಮೂರನೇ ವಾರ ಅದರ ತಳದಲ್ಲಿ ಹೊಸ ಕೆಂಪು ಮಾಂಸ ಚಿಗುರಿದ್ದು ಕಂಡಿತು. ಆ ಬೆಳಿಗ್ಗೆ ನನ್ನ ಕೆಲಸ ಯಾವುದೆಂದು ನನಗೆ ಗೊತ್ತಾಯಿತು. ಇಂದಿಗೂ ಗಾಯದ ಆರೈಕೆಯೇ ನನ್ನ ಪ್ರೀತಿಯ ವಿಷಯ.

ಹಾಗಾಗಿ ನಾನು ಕಿರಿಯರಿಗೆ ಕೇಳುವುದು ಬೇರೆಯೇ ಪ್ರಶ್ನೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕುಳಿತಾಗ ಯಾವ ರೋಗಿಯ ಯೋಚನೆ ಬರುತ್ತದೆ? ಯಾವ ಕೆಲಸ ಮೈ ದಣಿಸಿತು, ಯಾವುದು ಮನಸ್ಸನ್ನೇ ದಣಿಸಿತು? ಇವೆರಡೂ ಒಂದೇ ಅಲ್ಲ.

ನವಜಾತ ಶಿಶುಗಳ ಐಸಿಯು ನೋಡಿ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಒಟ್ಟು 80ರಿಂದ 90 ಮಿಲಿಲೀಟರ್, ಅಂದರೆ ಹೋಟೆಲಿನ ಚಿಕ್ಕ ಚಹಾ ಲೋಟದಷ್ಟು. ಪರೀಕ್ಷೆಗೆಂದು ತೆಗೆಯುವ ಪ್ರತಿ ಮಿಲಿಲೀಟರಿಗೂ ಅಲ್ಲಿ ಲೆಕ್ಕವಿದೆ, ಔಷಧದ ಪ್ರಮಾಣವನ್ನು ತೂಕ ನೋಡಿ ಎರಡು ಬಾರಿ ಲೆಕ್ಕ ಹಾಕಿ ಖಚಿತಪಡಿಸಿಕೊಳ್ಳಬೇಕು. ಇಂಥ ಸೂಕ್ಷ್ಮ ಕೆಲಸದಲ್ಲಿ ನೆಮ್ಮದಿ ಕಾಣುವ ಹುಡುಗಿಯರಿದ್ದಾರೆ. ಕೈ ನಡುಗುವವರೂ ಇದ್ದಾರೆ, ಅವರು ಕೆಟ್ಟ ನರ್ಸ್‌ಗಳಲ್ಲ. ಆಪರೇಷನ್ ಥಿಯೇಟರಿಗೆ ಬೇಕಾದ ಗುಣವೇ ಬೇರೆ. ಗಾಯ ಹೊಲಿಯುವ ಮುನ್ನ, ರಕ್ತ ಒರೆಸಲು ಬಳಸಿದ ಗಾಜ್ ಬಟ್ಟೆಯ ತುಂಡುಗಳ ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ, ಅವಸರದಲ್ಲಿರುವ ಹಿರಿಯ ಸರ್ಜನ್‌ಗೆ "ಸರ್, ಲೆಕ್ಕ ಸರಿಯಾಗಿಲ್ಲ, ನಿಲ್ಲಿಸಿ" ಎನ್ನುವ ಎದೆಗಾರಿಕೆ ಬೇಕು.

ಯಾರೂ ಕೇಳಿ ಪಡೆಯದ ವಿಭಾಗ ಡಯಾಲಿಸಿಸ್. ಹದಿನೈದು ದಿನಗಳ ಮಟ್ಟಿಗೆಂದು ಅಲ್ಲಿಗೆ ಕಳುಹಿಸಿದ ಯುವಕನೊಬ್ಬ ಐದು ವರ್ಷವಾದರೂ ಅಲ್ಲಿಯೇ ಇದ್ದಾನೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು, ಅದೇ ರೋಗಿಗಳು ಬರುತ್ತಾರೆ. ಅವರ ಮಗಳ ಮದುವೆ, ಜಮೀನಿನ ವ್ಯಾಜ್ಯ, ಕದ್ದು ಕುಡಿದ ಎರಡು ಲೋಟ ನೀರು ಎಲ್ಲವೂ ಅವನಿಗೆ ಗೊತ್ತು. ಮೂತ್ರಪಿಂಡ ಸೋತವರ ಮೈಯಲ್ಲಿ ಕುಡಿದ ನೀರು ಉಳಿದುಬಿಡುವುದರಿಂದ ನೀರಿನ ವಿಷಯವನ್ನು ತೂಕದ ಯಂತ್ರವೇ ಹೇಳಿಬಿಡುತ್ತದೆ, ಒಂದು ಲೀಟರ್ ಎಂದರೆ ಒಂದು ಕಿಲೋ. ಸೂಜಿ ಹಾಕುವ ಮುನ್ನ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳದ ಮೇಲೆ ಬೆರಳಿಟ್ಟು ಅದರ ಝುಮ್ಮೆನ್ನುವ ಕಂಪನವನ್ನು ಪರೀಕ್ಷಿಸುತ್ತಾನೆ. ರೋಗಿ ಸುಮ್ಮನೆ ಆಕಳಿಸಿದರೂ ರಕ್ತದೊತ್ತಡ ಇಳಿಯುತ್ತಿರಬಹುದೆಂದು ಎದ್ದು ಬರುತ್ತಾನೆ. ಈ ಕಣ್ಣು ಪುಸ್ತಕದಿಂದ ಬರುವುದಿಲ್ಲ, ಒಂದೇ ಕಡೆ ಬಹಳ ದಿನ ನಿಂತವರಿಗೆ ಬರುತ್ತದೆ.

ಮನೋರೋಗ ಶುಶ್ರೂಷೆಯ ಬಗ್ಗೆ ವಿದ್ಯಾರ್ಥಿಗಳಿಗೆ ಇರುವುದು ಬರಿಯ ಭಯ. ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಕೆಲವು ವಾರ ತರಬೇತಿಗೆ ಹೋಗಿ ಬಂದ ಮೇಲೆ ಪ್ರತಿ ತಂಡದಲ್ಲಿ ಒಬ್ಬರೋ ಇಬ್ಬರೋ ಬೇರೆಯಾಗಿಯೇ ಮಾತನಾಡುತ್ತಾರೆ. ಅಂಥವರನ್ನು ನಾನು ಗುರುತಿಟ್ಟುಕೊಳ್ಳುತ್ತೇನೆ.

ಒಲವು ತಿಳಿದ ಮೇಲೆ ದಾರಿಗಳಿವೆ. ಎಂ.ಎಸ್ಸಿ ನರ್ಸಿಂಗ್‌ನಲ್ಲಿ ಐದು ಶಾಖೆಗಳು: ಮೆಡಿಕಲ್ ಸರ್ಜಿಕಲ್, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಎರಡು ವರ್ಷ ಓದಲಾಗದವರಿಗೆ ಕ್ಯಾನ್ಸರ್, ತುರ್ತು ಚಿಕಿತ್ಸೆ, ನವಜಾತ ಶಿಶು ಆರೈಕೆಯಂಥ ವಿಷಯಗಳಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಪದವಿಯಲ್ಲದೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದವರೂ ಸೇರಬಹುದು. ಕೆಲಸದ ಅನುಭವ ಬೇಕೆಂಬ ನಿಯಮವನ್ನು ಹಲವರು ಶಾಪವೆಂದು ತಿಳಿಯುತ್ತಾರೆ. ತನಗೆ ಯಾವುದು ಒಗ್ಗುತ್ತದೆಂದು ನೋಡಿಕೊಳ್ಳಲು ಸಿಗುವ ಸಮಯ ಅದು.

ನನಗೆ ಸಿಟ್ಟು ಬರುವುದು ಆಮೇಲಿನ ವಿಷಯಕ್ಕೆ. ಕ್ಯಾನ್ಸರ್ ಶುಶ್ರೂಷೆಯಲ್ಲಿ ಡಿಪ್ಲೊಮಾ ಮಾಡಿ ಬಂದ ಹುಡುಗಿಯನ್ನು ಒಂದು ಆಸ್ಪತ್ರೆ ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಯಲು ಕೂರಿಸಿತು, ಅಲ್ಲಿ ಸಿಬ್ಬಂದಿ ಕೊರತೆಯೆಂದು. ಎಂಟು ತಿಂಗಳಿಗೆ ಅವಳು ರಾಜೀನಾಮೆ ಕೊಟ್ಟಳು. ಕೊರತೆ ಎಲ್ಲ ಕಡೆಯೂ ಇದೆ, ಪಟ್ಟಿ ಬರೆಯುವವಳು ನಾನೇ ಆದ್ದರಿಂದ ಅದರ ಕಷ್ಟ ಗೊತ್ತು. ಆದರೂ ಕಲಿತವರನ್ನು ಕಲಿತ ಕಡೆಯಿಂದ ಎಬ್ಬಿಸುವುದು ರೋಗಿಗೆ ಮಾಡುವ ಅನ್ಯಾಯ.

ಕೆಲವು ವರ್ಷಗಳಿಂದ, ಕೆಲಸಕ್ಕೆ ಸೇರಿದ ಆರನೇ ತಿಂಗಳಿಗೆ ಹೊಸಬರೆಲ್ಲರಿಗೂ ಒಂದು ಹಾಳೆ ಕೊಡುತ್ತಿದ್ದೇನೆ. ಬೇಕಾದ ಮೂರು ವಾರ್ಡ್, ಬೇಡವಾದ ಒಂದು, ಜೊತೆಗೆ ಕಾರಣ. "ಬೇಕು" ಎಂಬಲ್ಲಿ ಗೆಳತಿಯರು ಬರೆದದ್ದನ್ನೇ ಬರೆಯುತ್ತಾರೆ. "ಬೇಡ" ಎಂಬಲ್ಲಿ ತಮ್ಮ ಮಾತು ಬರೆಯುತ್ತಾರೆ.

ಹೋದ ವರ್ಷ ಒಬ್ಬಳು ಬೇಡವಾದದ್ದು ಹೆರಿಗೆ ಕೋಣೆ ಎಂದು ಬರೆದಿದ್ದಳು. ಕಾರಣ: "ನೋವು ತಿನ್ನುತ್ತಿರುವ ಹೆಂಗಸರನ್ನು ಗದರುವುದು ನೋಡಲಾಗುವುದಿಲ್ಲ." ಎರಡು ದಿನ ಆ ಹಾಳೆ ನನ್ನ ಮೇಜಿನ ಮೇಲೆಯೇ ಇತ್ತು. ಹೆರಿಗೆಯ ಹೊತ್ತಿನಲ್ಲಿ ಗೌರವದ ಆರೈಕೆ ಸಿಗಬೇಕು, ಜೊತೆಗೆ ತನ್ನವರೊಬ್ಬರು ಇರಬೇಕು ಎಂದು ಹೆರಿಗೆ ಕೋಣೆಗಳನ್ನು ಸುಧಾರಿಸಲು ಕೇಂದ್ರ ಸರ್ಕಾರ ತಂದ 2017ರ ಲಕ್ಷ್ಯ ಕಾರ್ಯಕ್ರಮವೇ ಹೇಳಿದೆ; ಗೋಡೆಯ ಮೇಲೆ ಅದರ ಫಲಕವೂ ಇದೆ. ನಾನು ಅವಳನ್ನು ಕರೆದು, "ನೀನು ಅಲ್ಲಿಗೇ ಹೋಗಬೇಕಮ್ಮ, ಆದರೆ ಬಲವಂತವಿಲ್ಲ. ಮೂರು ತಿಂಗಳು ನೋಡು, ಆಗದಿದ್ದರೆ ನಾನೇ ಬದಲಿಸುತ್ತೇನೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೆರಿಗೆ ಟೇಬಲ್‌ಗಳ ನಡುವೆ ಪರದೆ ಹಾಕಿಸಿಕೊಡಿ ಮೇಡಂ" ಎಂದಳು.

ಪರದೆ ಬರಲು ಇಪ್ಪತ್ತು ದಿನ ಹಿಡಿಯಿತು. ಅವಳು ಈಗಲೂ ಅಲ್ಲಿದ್ದಾಳೆ. ಪ್ರಸೂತಿ ಆರೈಕೆಯಲ್ಲಿ ನರ್ಸ್ ಪ್ರಾಕ್ಟಿಷನರ್, ಅಂದರೆ ಸಹಜ ಹೆರಿಗೆಯನ್ನು ತಾನೇ ನಿಭಾಯಿಸಬಲ್ಲ ನರ್ಸ್ ಆಗುವ 18 ತಿಂಗಳ ತರಬೇತಿಗೆ ಯಾವ ದಾಖಲೆ ಬೇಕೆಂದು ಮೊನ್ನೆ ಕೇಳಿಕೊಂಡು ಬಂದಿದ್ದಳು.