ಮೂಲ ಹುಲ್ಲುಗಾವಲು: ಮಡಗಾಸ್ಕರ್ ಗುಡ್ಡಗಳ ಹಳೇ ತಕರಾರು

ಬೋಳು ಗುಡ್ಡದ ಮೇಲೆ ಬರೀ ಹುಲ್ಲು ಕಂಡರೆ ಬಹಳ ಜನ ಮೊದಲು ಅಂದುಕೊಳ್ಳುವುದು ಒಂದೇ: ಇಲ್ಲಿ ಮುಂಚೆ ಕಾಡಿತ್ತು, ಯಾರೋ ಕಡಿದು ಹಾಕಿದ್ದಾರೆ. ಕೆಲವು ಕಡೆ ಅದು ನಿಜ. ಕೆಲವು ಕಡೆ ಅಲ್ಲವೇ ಅಲ್ಲ. ಮನುಷ್ಯ ಕಾಲಿಡುವ ಮುಂಚಿನಿಂದಲೂ ಹುಲ್ಲೇ ಇದ್ದು, ಮಳೆ, ಬೆಂಕಿ, ಮೇಯುವ ಪ್ರಾಣಿಗಳ ಜೊತೆ ಸಾವಿರಾರು ವರ್ಷ ಹೊಂದಿಕೊಂಡು ಬಂದ ಬಯಲುಗಳೂ ಇವೆ. ಅಂಥವುಗಳನ್ನು ಮೂಲ ಹುಲ್ಲುಗಾವಲು ಎನ್ನಬಹುದು. ಕಾಡು ಹೋದ ಮೇಲೆ ಆ ಜಾಗದಲ್ಲಿ ಹಬ್ಬಿದ್ದು ಬೇರೆ, ಅದು ಬದಲಿ ಹುಲ್ಲುಗಾವಲು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ತಕರಾರು ಶುರುವಾಗುವುದೇ ಅಲ್ಲಿ.

ಈ ತಕರಾರು ಮಡಗಾಸ್ಕರ್‌ನಲ್ಲಿ ನೂರು ವರ್ಷದಿಂದ ನಡೆದಿದೆ. ಆಫ್ರಿಕಾದ ಪೂರ್ವಕ್ಕಿರುವ ಈ ದ್ವೀಪ ಸುಮಾರು 5,87,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಮೂರು ಕರ್ನಾಟಕದಷ್ಟು. ಪೂರ್ವದ ಇಳಿಜಾರಿನಲ್ಲಿ ಮಳೆಕಾಡು, ಪಶ್ಚಿಮದಲ್ಲಿ ಎಲೆ ಉದುರುವ ಕಾಡು, ದಕ್ಷಿಣದಲ್ಲಿ ಮುಳ್ಳುಕಾಡು. ನಡುವೆ ಎತ್ತರದ ಪ್ರಸ್ಥಭೂಮಿ, ಅಲ್ಲಿ ಕಣ್ಣು ಹಾಯುವವರೆಗೂ ಹುಲ್ಲು. ಆ ಗುಡ್ಡಗಳಿಗೆ ಅಲ್ಲಿನವರು ‘ತಾನೆತಿ’ ಎನ್ನುತ್ತಾರೆ, ಹುಲ್ಲಿಗೆ ‘ಬುಜಾಕ’.

1896ರಲ್ಲಿ ದ್ವೀಪ ಫ್ರಾನ್ಸಿನ ಕೈಸೇರಿತು. ಅಲ್ಲಿ ವರ್ಷಗಟ್ಟಲೆ ಓಡಾಡಿದ ಸಸ್ಯವಿಜ್ಞಾನಿ ಆಂರಿ ಪೆರಿಯೆ ದ ಲಾ ಬಾತಿ 1921ರಲ್ಲಿ ಒಂದು ವಾದ ಮುಂದಿಟ್ಟರು. ದ್ವೀಪವೆಲ್ಲ ಒಂದು ಕಾಲಕ್ಕೆ ಕಾಡಾಗಿತ್ತು, ಮನುಷ್ಯ ಬಂದು ಬೆಂಕಿ ಹಾಕಿ ಬೋಳು ಮಾಡಿದ ಎಂಬುದು ಅದರ ಸಾರ. ಕೆಲವೇ ವರ್ಷಗಳಲ್ಲಿ ಆಂರಿ ಉಂಬೇರ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿಯೂ ಅದನ್ನೇ ಒತ್ತಿ ಹೇಳಿದರು. ಅವರೇನೂ ಸುಮ್ನೆ ಹೇಳಿದ್ದಲ್ಲ. ಗುಡ್ಡಗಳ ಕಣಿವೆಯಲ್ಲಿ ಕಾಡಿನ ತುಣುಕುಗಳು ಉಳಿದಿದ್ದವು. ಹುಲ್ಲಿಗೆ ವರ್ಷವರ್ಷ ಬೆಂಕಿ ಬೀಳುತ್ತಿತ್ತು. ಪೂರ್ವದಲ್ಲಿ ರೈತರು ‘ತಾವಿ’ ಮಾಡುವುದನ್ನು, ಅಂದರೆ ನಮ್ಮ ಕುಮರಿ ಬೇಸಾಯದ ಹಾಗೆ ಕಾಡು ಕಡಿದು ಸುಟ್ಟು ಭತ್ತ ಬಿತ್ತುವುದನ್ನು, ಅವರು ಕಣ್ಣಾರೆ ಕಂಡಿದ್ದರು. ಪೂರ್ವದಲ್ಲಿ ಆಗುತ್ತಿರುವುದೇ ನಡುನಾಡಿನಲ್ಲಿ ಮುಂಚೆ ಆಗಿಹೋಗಿದೆ ಅಂತ ಲೆಕ್ಕ ಹಾಕಿದರು.

ದ್ವೀಪದ ಶೇ 90ರಷ್ಟು ಕಾಡು ನಾಶವಾಗಿದೆ ಎಂಬ ಮಾತು ಆಮೇಲೆ ಎಲ್ಲೆಡೆ ಓಡಾಡಿತು. ಗಮನಿಸಿ, ಮೊದಲು ಎಲ್ಲವೂ ಕಾಡಾಗಿತ್ತು ಅಂತ ಒಪ್ಪಿಕೊಂಡರೆ ಮಾತ್ರ ಈ ಅಂಕಿ ನಿಲ್ಲುತ್ತದೆ. ಯಾವುದನ್ನು ಸಾಬೀತು ಮಾಡಬೇಕೋ ಅದನ್ನೇ ಆಧಾರ ಮಾಡಿಕೊಂಡ ಲೆಕ್ಕ ಇದು.

ಹಾಗಾದರೆ ಒಂದು ಬಯಲಿನ ವಯಸ್ಸು ತಿಳಿಯುವುದು ಹೇಗೆ? ಕೆರೆಯ ತಳ ಅಗೆಯಬೇಕು. ಆಂತ್ಸಿರಾಬೆ ಊರಿನ ಹತ್ತಿರ ತ್ರಿತ್ರಿವಾಕೆಲಿ ಎಂಬ ಜಾಗವಿದೆ, ಹಳೆಯ ಜ್ವಾಲಾಮುಖಿಯ ಬಾಯಿ. ಅದರೊಳಗೆ ಕೆಸರು ಪದರ ಪದರವಾಗಿ ಸಾವಿರಾರು ವರ್ಷದಿಂದ ಕೂತಿದೆ. ಉದ್ದನೆ ಕೊಳವೆ ಇಳಿಸಿ ಕೆಸರನ್ನು ಮೇಲೆತ್ತಿದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು. ಪ್ರತಿ ಪದರದಲ್ಲೂ ಆ ಕಾಲದಲ್ಲಿ ಸುತ್ತಮುತ್ತ ಬೆಳೆದ ಗಿಡಗಳ ಪರಾಗ ಸಿಕ್ಕಿಹಾಕಿಕೊಂಡಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಹುಲ್ಲಿನ ಪರಾಗ ನಯವಾದ ಗುಂಡು, ಅದಕ್ಕೆ ಒಂದೇ ಒಂದು ತೂತು. ಪರಾಗ ನೋಡಿ ಯಾವ ಜಾತಿಯ ಹುಲ್ಲು ಅಂತ ಹೇಳುವುದು ಕಷ್ಟ, ಆದರೆ ಹುಲ್ಲು ಹೌದೋ ಅಲ್ಲವೋ ಅಂತ ಹೇಳಬಹುದು. ಜೊತೆಗೆ ಇದ್ದಿಲಿನ ಪುಡಿ ಸಿಕ್ಕರೆ ಆಗ ಬೆಂಕಿ ಬಿದ್ದಿತ್ತು ಅಂತ ಅರ್ಥ.

1980ರ ದಶಕದಲ್ಲಿ ಡೇವಿಡ್ ಬರ್ನಿ ಎಂಬ ಸಂಶೋಧಕರು ಇಂಥ ಕೆಸರು ಪರೀಕ್ಷಿಸಿದಾಗ ಹಳೆಯ ವಾದ ಅಲುಗಾಡಿತು. ಜನ ದ್ವೀಪದಲ್ಲಿ ನೆಲೆಯೂರುವುದಕ್ಕಿಂತ ಸಾವಿರಾರು ವರ್ಷ ಹಿಂದಿನ ಪದರಗಳಲ್ಲೇ ಹುಲ್ಲಿನ ಪರಾಗ ಇತ್ತು, ಇದ್ದಿಲೂ ಇತ್ತು. ಬೆಂಕಿ ಹಚ್ಚಿದ್ದು ಯಾರು ಅಂದರೆ, ಸಿಡಿಲು. ಒಣಗಿದ ಹುಲ್ಲಿಗೆ ಮಳೆಗಾಲದ ಮೊದಲ ಸಿಡಿಲು ಸಾಕು. ಹಿಮಯುಗದ ಪದರಗಳಲ್ಲಂತೂ ತಂಪು ಗುಡ್ಡಗಳಲ್ಲಿ ಬೆಳೆಯುವ ಕುರುಚಲು ಗಿಡಗಳ ಪರಾಗ ಜಾಸ್ತಿ. ನಡುನಾಡು ಒಂದೇ ರೂಪದಲ್ಲಿ ಯಾವತ್ತೂ ನಿಂತಿಲ್ಲ.

ಇನ್ನೊಂದು ಸಾಕ್ಷಿ ಹುಲ್ಲೇ ಹೇಳುತ್ತದೆ. ಮಡಗಾಸ್ಕರ್‌ನಲ್ಲಿ ಸುಮಾರು 540 ಜಾತಿಯ ಹುಲ್ಲುಗಳಿವೆ. ಅದರಲ್ಲಿ ಹತ್ತಕ್ಕೆ ನಾಲ್ಕು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಷ್ಟೊಂದು ಹೊಸ ಜಾತಿಗಳು ಒಂದೆರಡು ಸಾವಿರ ವರ್ಷದಲ್ಲಿ ಹುಟ್ಟುವುದಿಲ್ಲ. ಇದಕ್ಕೆ ಎದುರು ಮಾತೂ ಇದೆ, ಅದೂ ಸರಿಯಾದದ್ದೇ: ಹುಲ್ಲು ಹಳೆಯದು ಅಂದ ಮಾತ್ರಕ್ಕೆ ಹುಲ್ಲುಗಾವಲು ಹಳೆಯದಾಗಬೇಕಿಲ್ಲ. ತೆಳು ಕಾಡಿನ ನೆರಳಲ್ಲೂ ಹುಲ್ಲು ಬದುಕುತ್ತದೆ.

ಈ ಜಗಳದ ಎರಡೂ ಕಡೆಯವರು ಬೆರಳು ಮಾಡಿ ತೋರಿಸುವ ಮರ ಒಂದಿದೆ, ತಾಪಿಯಾ. ಗಿಡ್ಡ, ಸೊಟ್ಟ ಕಾಂಡ, ದಪ್ಪ ಬಿರುಕು ತೊಗಟೆ, ಗಟ್ಟಿ ಎಲೆ. ಪಶ್ಚಿಮದ ಒಣ ಇಳಿಜಾರುಗಳಲ್ಲಿ, ಇತ್ರೆಮು ಮತ್ತು ಇಸಾಲು ಬೆಟ್ಟಗಳಲ್ಲಿ, ಹುಲ್ಲಿನ ನಡುವೆ ಬಿಡಿಬಿಡಿಯಾಗಿ ನಿಂತಿರುತ್ತದೆ. ಹುಲ್ಲಿನ ಬೆಂಕಿ ಕಾಲಡಿ ಹಾದುಹೋದರೂ ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ತೀರಾ ಮೇಲಿಂದ ಮೇಲೆ ಬೆಂಕಿ ಬಿದ್ದರೆ ಸಸಿಗಳು ಉಳಿಯುವುದಿಲ್ಲ. ಬೆಂಕಿಯೇ ಇಲ್ಲದಿದ್ದರೆ ಪೈನ್ ಮುಂತಾದವು ನುಗ್ಗುತ್ತವೆ. ಇದರ ಹಣ್ಣು ಸಿಹಿ, ಸಂತೆಯಲ್ಲಿ ಮಾರುತ್ತಾರೆ. ಎಲೆಯನ್ನು ‘ಲಾಂದಿಬೆ’ ಎಂಬ ಕಾಡು ರೇಷ್ಮೆಹುಳ ತಿನ್ನುತ್ತದೆ. ಹೆಂಗಸರು ಆ ಗೂಡು ಬೇಯಿಸಿ, ಕೈಯಲ್ಲೇ ನೂಲು ತೆಗೆದು, ಕಂದು ಬಣ್ಣದ ಒರಟು ರೇಷ್ಮೆ ನೇಯುತ್ತಾರೆ. ಸತ್ತವರ ಮೂಳೆಗಳನ್ನು ಸಮಾಧಿಯಿಂದ ಹೊರತೆಗೆದು ಮತ್ತೆ ಸುತ್ತುವ ಶಾಸ್ತ್ರಕ್ಕೆ ಆ ಬಟ್ಟೆ ಬೇಕು. ಇಂಥ ಜಾಗವನ್ನು ಹಾಳಾದ ಕಾಡು ಅನ್ನಬೇಕೋ, ಮರಗಳಿರುವ ಹುಲ್ಲುಗಾವಲು ಅನ್ನಬೇಕೋ? ನನ್ನ ಮಟ್ಟಿಗೆ ಎರಡನೆಯದೇ ಸರಿ. ಬೆಂಕಿ ತಡೆಯುವ ತೊಗಟೆ ಮನುಷ್ಯ ಬಂದ ಮೇಲೆ ಬೆಳೆದದ್ದಲ್ಲ.

ಹಾಗಂತ ಇಡೀ ದ್ವೀಪದ ಹುಲ್ಲೆಲ್ಲ ಮೂಲ ಎನ್ನಲೂ ಆಗುವುದಿಲ್ಲ. ವಾಯವ್ಯದಲ್ಲಿ ಆಂಜುಹಿಬೆ ಎಂಬ ಸುಣ್ಣಕಲ್ಲಿನ ಗುಹೆ ಇದೆ. ಮೇಲಿಂದ ತೊಟ್ಟಿಕ್ಕುವ ನೀರಿನಿಂದ ನೆಲದಲ್ಲಿ ಕಲ್ಲಿನ ಕಂಬಗಳು ಬೆಳೆಯುತ್ತವೆ. ಮೇಲಿನ ಮಣ್ಣಿನಲ್ಲಿ ಮರಗಳಿದ್ದವೋ, ಬಿಸಿನಾಡಿನ ಹುಲ್ಲಿತ್ತೋ ಎಂಬ ಗುರುತು ಆ ಕಲ್ಲಿನ ಇಂಗಾಲದಲ್ಲಿ ಉಳಿಯುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಸುಮಾರು ಕ್ರಿ.ಶ. 890ರ ಹೊತ್ತಿಗೆ, ಒಂದು ನೂರು ವರ್ಷದೊಳಗೆ, ಕಾಡು ಹೋಗಿ ಹುಲ್ಲು ಬಂತು. ಆ ಹೊತ್ತಿನಲ್ಲಿ ಮಳೆ ಕಡಿಮೆಯಾದ ಗುರುತಿಲ್ಲ. ಜನ ದನ ಮೇಯಿಸಲು ಬೆಂಕಿ ಹಾಕಿದ್ದೇ ಕಾರಣ ಅಂತ ಸಂಶೋಧಕರ ತೀರ್ಮಾನ. ಪೆರಿಯೆ ಹೇಳಿದ್ದು ಅಲ್ಲಿ ಸರಿಹೋಯಿತು. ದೈತ್ಯ ಆನೆಹಕ್ಕಿ, ಕುಳ್ಳ ನೀರಾನೆ, ದೊಡ್ಡ ಲೆಮೂರ್‌ಗಳು ಅಳಿದದ್ದೂ ಹೆಚ್ಚುಕಡಿಮೆ ಆ ಶತಮಾನಗಳಲ್ಲೇ. ಪೂರ್ವದ ಮಳೆಕಾಡು ಕರಗುತ್ತಿರುವುದರಲ್ಲಂತೂ ಯಾರಿಗೂ ಅನುಮಾನವಿಲ್ಲ: 1953ರಿಂದ 2014ರ ನಡುವೆ ದ್ವೀಪದ ಸಹಜ ಕಾಡಿನಲ್ಲಿ ಶೇ 44ರಷ್ಟು ಹೋಗಿದೆ.

ಗುಡ್ಡಗಳ ಮೈಮೇಲಿನ ದೊಡ್ಡ ಕೆಂಪು ಕೊರಕಲುಗಳನ್ನೂ ಜನ ಕಾಡು ಕಡಿದದ್ದಕ್ಕೆ ಪುರಾವೆ ಅಂತ ತೋರಿಸುತ್ತಾರೆ. ಅವಕ್ಕೆ ‘ಲವಾಕ’ ಅಂತ ಹೆಸರು. ಅವುಗಳಲ್ಲಿ ಕೆಲವು ಮನುಷ್ಯ ಬರುವ ಮುಂಚಿನವು.

ಇದೆಲ್ಲ ಪಂಡಿತರ ವಾದ ಅಂತ ಬಿಟ್ಟುಬಿಡಬಹುದಿತ್ತು, ಪೆಟ್ಟು ದನ ಕಾಯುವವರಿಗೆ ಬೀಳದೆ ಹೋಗಿದ್ದರೆ. ಕಾಡು ಸುಡಬಾರದು ಎಂಬ ಕಾನೂನು ಫ್ರೆಂಚರಿಗಿಂತ ಮುಂಚೆಯೇ, 1881ರಲ್ಲಿ ಅಲ್ಲಿನ ರಾಣಿಯ ಕಾಲದಲ್ಲೇ ಇತ್ತು. ಫ್ರೆಂಚರು ಬಂದ ಮೇಲೆ ಹುಲ್ಲಿನ ಬೆಂಕಿಗೂ ದಂಡ ಬಿತ್ತು. ಆದರೆ ಗೂಳಿಯ ಹಿಣಿಲಿನ ಹಾಗೆ ಡುಬ್ಬವಿರುವ ಅಲ್ಲಿನ ಜೆಬು ದನಗಳಿಗೆ ಬೇಸಿಗೆಯ ಕೊನೆಗೆ ಹಸಿರು ಚಿಗುರು ಬೇಕೆಂದರೆ ಕರಡ ಸುಡಲೇಬೇಕು. ಯಾರು ಹಚ್ಚಿದ್ದು ಅಂತ ಕೇಳಿದರೆ ಊರಿಗೆ ಊರೇ ಗೊತ್ತಿಲ್ಲ ಎನ್ನುತ್ತದೆ. ಬೆಂಕಿ ನಿಂತಿಲ್ಲ.

ಈಗ ಅದೇ ತಪ್ಪು ತಿಳಿವಳಿಕೆ ಸಸಿ ನೆಡುವ ರೂಪದಲ್ಲಿ ಬರುತ್ತಿದೆ. 2020ರಲ್ಲಿ, ಸ್ವಾತಂತ್ರ್ಯ ಬಂದ 60ನೇ ವರ್ಷಕ್ಕೆ, ಸರ್ಕಾರ 6 ಕೋಟಿ ಗಿಡ ನೆಡುವ ಅಭಿಯಾನ ಶುರು ಮಾಡಿತು. ಕಾಡು ಕಳೆದುಕೊಂಡ ಇಳಿಜಾರಿಗೆ ಮರ ವಾಪಸ್ ಬಂದರೆ ಒಳ್ಳೆಯದೇ. ಮೂಲ ಹುಲ್ಲುಗಾವಲಿನ ಮೇಲೆ ನೀಲಗಿರಿ, ಪೈನ್ ನೆಟ್ಟರೆ ಮಾತ್ರ ನೆರಳಿಗೆ ಹುಲ್ಲು ಸಾಯುತ್ತದೆ. ಕಾಗದದಲ್ಲಿ ಅದು ಹಸಿರು ಹೆಚ್ಚಾದ ಲೆಕ್ಕ. ನಮ್ಮಲ್ಲೂ ಇದು ಹೊಸದಲ್ಲ ಅಲ್ವಾ? ಕೃಷ್ಣಮೃಗಗಳಿಗೆ ಬಯಲೇ ಬೇಕು ಅಂತ ಗೊತ್ತಿದ್ದೂ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ನೀಲಗಿರಿ ತೋಪುಗಳಿವೆ.

ನಡುನಾಡಿನ ಹುಲ್ಲಿನಲ್ಲಿ ಎಷ್ಟು ಪಾಲು ಮೂಲ, ಎಷ್ಟು ಪಾಲು ಬದಲಿ ಎಂಬ ಲೆಕ್ಕ ಇನ್ನೂ ಮುಗಿದಿಲ್ಲ. ಪರಾಗದ ಕೆಸರು ಸಿಗುವ ಕೆರೆಗಳು ಅಲ್ಲಿ ಕೆಲವೇ. ಆಂಜುಹಿಬೆಯ ಕಲ್ಲು ವಾಯವ್ಯದ ತಗ್ಗುನಾಡಿನ ಕಥೆ ಹೇಳುತ್ತದೆಯೇ ಹೊರತು ಪ್ರಸ್ಥಭೂಮಿಯದ್ದಲ್ಲ. ಹುಲ್ಲು, ಅಲ್ಲಲ್ಲಿ ಮರ, ಕಣಿವೆಯಲ್ಲಿ ಕಾಡು ಎಂಬ ಮಿಶ್ರ ಚಿತ್ರವನ್ನು ಈಗ ಬಹಳ ಜನ ಒಪ್ಪುತ್ತಾರೆ. ಯಾವುದು ಎಷ್ಟಿತ್ತು ಎಂಬಲ್ಲಿ ಮಾತ್ರ ಜಗಳ. ಹಾಗಾಗಿ ಸಂಶೋಧಕರು ಒಂದೊಂದೇ ಗುಡ್ಡ ಹಿಡಿದು, ಅಲ್ಲಿನ ಹುಲ್ಲಿನ ಜಾತಿ ಎಣಿಸಿ, ಮಣ್ಣಿನ ಇಂಗಾಲ ಅಳೆದು ನೋಡುತ್ತಿದ್ದಾರೆ.