ಉಜ್ಜಿದರೆ ಹೋಗದ ಕಪ್ಪು

ಅರ್ಧ ಹೋಳು ನಿಂಬೆಹಣ್ಣು. ಅದರ ಮೇಲೆ ಒಂದು ಚಮಚ ಸಕ್ಕರೆ, ಚಿಟಿಕೆ ಅಡುಗೆ ಸೋಡಾ. ಕತ್ತಿನ ಹಿಂಭಾಗವನ್ನು ಹತ್ತು ನಿಮಿಷ ಉಜ್ಜಿ ತೊಳೆದರೆ ಕಪ್ಪೆಲ್ಲ ಮಾಯ ಅನ್ನುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಖರ್ಚು ಕಮ್ಮಿ, ಸಾಮಾನೆಲ್ಲ ಅಡುಗೆಮನೆಯದ್ದೇ. ಇದರಿಂದ ಏನು ತೊಂದರೆ ಆದೀತು ಅಂತ ಅನಿಸುವುದು ಸಹಜ. ಆದರೆ ಆ ಮೂರೂ ಸಾಮಾನು ಮೂರು ರೀತಿಯಲ್ಲಿ ಚರ್ಮವನ್ನು ಕೆಡಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಕತ್ತಿನ ಆ ಕಪ್ಪು ಎಷ್ಟೋ ಸಲ ಕೊಳೆಯೇ ಆಗಿರುವುದಿಲ್ಲ.

ಮೊದಲು ಚರ್ಮ ಹೇಗಿದೆ ನೋಡೋಣ. ತೀರಾ ಮೇಲಿರುವ ಪದರ ಸತ್ತ ಜೀವಕೋಶಗಳದ್ದು. ಹದಿನೈದಿಪ್ಪತ್ತು ಸಾಲು ಒಂದರ ಮೇಲೊಂದು ಕೂತಿದ್ದರೂ ಮೈಯ ಬಹುಪಾಲು ಕಡೆ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ ಅಷ್ಟೇ. ಚರ್ಮದ ವೈದ್ಯರು ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ ಕೋಶಗಳೇ ಇಟ್ಟಿಗೆ. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲ ಎಂಬ ಮೂರು ಬಗೆಯ ಜಿಡ್ಡು ಸೇರಿ ನಡುವಿನ ಗಾರೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ರೋಗಾಣು ಒಳಗೆ ನುಗ್ಗದಂತೆ ತಡೆಯುವುದು ಈ ಗೋಡೆಯೇ. ಇದರ ಮೇಲ್ಮೈ ಸ್ವಲ್ಪ ಹುಳಿ. ಹುಳಿ ಅಳೆಯುವ ಪಿಎಚ್ ಎಂಬ ಅಂಕಿ ಇಲ್ಲಿ ಸುಮಾರು 4.5ರಿಂದ 5.5. ಆ ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ, 7 ದಾಟಿದರೆ ಕ್ಷಾರ. ಆ ಹುಳಿ ಇದ್ದರೇನೇ ಗಾರೆ ತಯಾರಿಸುವ ಕಿಣ್ವಗಳು ಸರಿಯಾಗಿ ಕೆಲಸ ಮಾಡುತ್ತವೆ. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಒಂದು ತಿಂಗಳಾದರೂ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಹತ್ತು ನಿಮಿಷದಲ್ಲಿ ಚರ್ಮದ ಬಣ್ಣ ನಿಜವಾಗಿ ಬದಲಾಗುವುದಕ್ಕೆ ದಾರಿಯೇ ಇಲ್ಲ.

ಈಗ ನಿಂಬೆ. ಅದರ ರಸದ ಪಿಎಚ್ 2ರ ಹತ್ತಿರ. ಚರ್ಮಕ್ಕೆ ಬೇಕಾದ ಹುಳಿಗಿಂತ ನೂರಾರು ಪಟ್ಟು ಜೋರು. ಇದರ ಜೊತೆಗೆ ನಿಂಬೆಯ ಸಿಪ್ಪೆಯಲ್ಲಿ, ರಸದಲ್ಲಿ ಫ್ಯೂರನೋಕೌಮರಿನ್ ಎಂಬ ರಾಸಾಯನಿಕಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸಾಕು, ನೇರಳಾತೀತ ಕಿರಣದ ಜೊತೆ ಸೇರಿ ಕೋಶಗಳನ್ನು ಸುಡುತ್ತವೆ. ಉರಿ, ಕೆಂಪು, ಕೆಲವರಿಗೆ ನೀರುಗುಳ್ಳೆ. ಇದು ಆಗಲೇ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು ಕಾಣುತ್ತದೆ, ಹಾಗಾಗಿ ನಿಂಬೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಗುಳ್ಳೆ ಮಾಗಿದ ಮೇಲೆ ಉಳಿಯುವುದು ಕಪ್ಪು ಕಲೆ, ಅದೂ ವಾರಗಟ್ಟಲೆ, ತಿಂಗಳುಗಟ್ಟಲೆ. ಶರಬತ್ತು ಹಿಂಡಿ ಕೈ ತೊಳೆಯದೆ ಬಿಸಿಲಿಗೆ ಹೋದವರಿಗೂ ಬೆರಳ ಸಂದಿಯಲ್ಲಿ ಹೀಗೆ ಆಗುವುದುಂಟು. ಅಡುಗೆ ಸೋಡಾ ಇದಕ್ಕೆ ಉಲ್ಟಾ. ನೀರಿನಲ್ಲಿ ಅದರ ಪಿಎಚ್ 8ರ ಮೇಲಿದ್ದು ಚರ್ಮದ ಹುಳಿಯನ್ನು ಹಾಳು ಮಾಡುತ್ತದೆ. ಸಕ್ಕರೆಯ ಹರಳಿನ ಮೂಲೆಗಳು ಚೂಪು, ಅವು ಸಣ್ಣ ಸಣ್ಣ ಗೀರು ಮಾಡುತ್ತವೆ.

ಗೀರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ನಮ್ಮಂಥ ಕಂದು ಚರ್ಮ ಪೆಟ್ಟು ತಿಂದಾಗೆಲ್ಲ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ಜಾಸ್ತಿ ಮಾಡುತ್ತದೆ. ಮೊಡವೆ ಹೋದ ಜಾಗ, ಸೊಳ್ಳೆ ಕಚ್ಚಿ ಕೆರೆದ ಜಾಗ ಕಪ್ಪಾಗಿ ಉಳಿಯುವುದು ಇದಕ್ಕೇ. ತಿಕ್ಕುವುದೂ ಚರ್ಮದ ಲೆಕ್ಕದಲ್ಲಿ ಪೆಟ್ಟೇ. ನೈಲಾನ್ ಬಲೆ, ಒಣಗಿದ ಹೀರೇಕಾಯಿ ನಾರು, ಮೈ ಉಜ್ಜುವ ಕಲ್ಲು ಹಿಡಿದು ದಿನಾ ಜೋರಾಗಿ ತಿಕ್ಕುವವರಿಗೆ ಬೆನ್ನಿನ ಮೇಲ್ಭಾಗ, ತೋಳು, ಕೊರಳಿನ ಎಲುಬಿನ ಮೇಲೆ ಕಂದುಗಪ್ಪು ಬಣ್ಣ ಕೂರುತ್ತದೆ. ಹತ್ತಿರದಿಂದ ನೋಡಿದರೆ ಸಣ್ಣ ಅಲೆ ಎದ್ದ ಹಾಗೆ ಗೆರೆಗೆರೆಯಾಗಿ ಕಾಣುತ್ತದೆ. ಚರ್ಮ ತಜ್ಞರ ಹತ್ತಿರ ಇದು ದಿನನಿತ್ಯ ಬರುವ ದೂರು. ಕೊಳೆ ಹೋಗಲಿಲ್ಲ ಅಂತ ಇನ್ನೂ ಜೋರಾಗಿ ತಿಕ್ಕುತ್ತಾರೆ, ಅದು ಇನ್ನೂ ಕಪ್ಪಾಗುತ್ತದೆ. ನಾರನ್ನು ಎತ್ತಿಟ್ಟು ಅಂಗೈಯಲ್ಲೇ ಸ್ನಾನ ಮಾಡಿದರೆ ನಿಧಾನವಾಗಿ ತಿಳಿಯಾಗಬಹುದು, ಪೂರ್ತಿ ಹೋಗಲು ತಿಂಗಳುಗಳೇ ಹಿಡಿಯುತ್ತವೆ.

ಕತ್ತಿನ ಕಪ್ಪು ಇನ್ನೊಂದು ಕತೆ. ಬೆರಳಾಡಿಸಿದರೆ ಅಲ್ಲಿ ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ ತಾಗುತ್ತದಾ? ಕಂಕುಳಲ್ಲೂ ಹಾಗೇ ಇದೆಯಾ? ಹಾಗಿದ್ದರೆ ಅದು ಹೆಚ್ಚಾಗಿ ಅಕಾಂಥೋಸಿಸ್ ನೈಗ್ರಿಕನ್ಸ್ ಎಂಬ ಚರ್ಮದ ತೊಂದರೆ. ದೇಹ ಇನ್ಸುಲಿನ್ ಮಾತು ಕೇಳದೆ ಹೋದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಹೀಗೆ ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನೂ ಬೇಗಬೇಗ ಬೆಳೆಯುವಂತೆ ಮಾಡುತ್ತದೆ. ಅದೇ ಆ ದಪ್ಪ, ಆ ಬಣ್ಣ. ತೂಕ ಜಾಸ್ತಿ ಇರುವವರಲ್ಲಿ, ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇರುವ ಹುಡುಗಿಯರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರಲ್ಲಿ ಇದು ಕಾಣುತ್ತದೆ. ಮಕ್ಕಳಲ್ಲೂ ಬರುತ್ತಿದೆ. ‘ಕತ್ತು ಸರಿಯಾಗಿ ತೊಳೆಯಲ್ಲ’ ಅಂತ ಆ ಮಕ್ಕಳನ್ನು ಬೈದು, ಬಚ್ಚಲಲ್ಲಿ ನಿಲ್ಲಿಸಿ ಚರ್ಮ ಕೆಂಪಾಗುವ ತನಕ ತಿಕ್ಕುವುದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅವರಿಗೆ ಬೇಕಾಗಿರುವುದು ಒಂದು ರಕ್ತ ಪರೀಕ್ಷೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ತೂಕ ಇಳಿದು ಇನ್ಸುಲಿನ್ ತಹಬಂದಿಗೆ ಬಂದರೆ ಕತ್ತು ತಾನಾಗಿಯೇ ತಿಳಿಯಾಗುತ್ತಾ ಬರುತ್ತದೆ.

ಸರಿ, ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಸೋಪಿನಿಂದ ಶುರು ಮಾಡೋಣ. ನಮ್ಮ ನಾಡಿಗೂ ಸೋಪಿಗೂ ಹಳೆಯ ನಂಟು. ಮೊದಲ ಮಹಾಯುದ್ಧದಿಂದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಮುಂದಾಯಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಸೋಪಿನ ಕಾಗದದ ಮೇಲೆ ಟಿಎಫ್‌ಎಂ ಅಂತ ಒಂದು ಅಂಕಿ ಇರುತ್ತದೆ. ಅದು ಸೋಪಿನಲ್ಲಿರುವ ಕೊಬ್ಬಿನ ಅಂಶ. ಶೇ 76 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೊದಲ ದರ್ಜೆ. ಇಂಥ ಸೋಪು ಬೇಗ ಕರಗುವುದಿಲ್ಲ, ಮೈ ಅಷ್ಟಾಗಿ ಬಿರಿಯುವುದಿಲ್ಲ. ಆದರೂ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಮಾಡಿದ ಯಾವ ಸೋಪಿನದ್ದೂ ಪಿಎಚ್ 9-10ರ ಹತ್ತಿರವೇ. ಕೊಳೆಯ ಜಿಡ್ಡಿನ ಜೊತೆ ಗಾರೆಯ ಜಿಡ್ಡನ್ನೂ ಅದು ಸ್ವಲ್ಪ ಎಳೆದುಕೊಂಡು ಹೋಗುತ್ತದೆ.

ಹಾಗಂತ ಸೋಪು ಬಿಡಬೇಕಿಲ್ಲ. ಕಂಕುಳು, ತೊಡೆಸಂದು, ಪಾದಕ್ಕೆ ದಿನಾ ಹಚ್ಚಿ. ಕೈ, ಕಾಲು, ಬೆನ್ನಿಗೆ ಮಣ್ಣು ಮೆತ್ತಿಕೊಳ್ಳದ ದಿನ ಬರೀ ನೀರು ಸಾಕು. ಜರಡಿ ಹಿಡಿದ ಕಡಲೆಹಿಟ್ಟು, ಹೆಸರುಹಿಟ್ಟು ಒಳ್ಳೆಯದೇ. ಅವು ಜಿಡ್ಡನ್ನು ಹೀರಿಕೊಳ್ಳುತ್ತವೆ, ಸೋಪಿನಷ್ಟು ಕ್ಷಾರ ಇರುವುದಿಲ್ಲ. ಹಿಟ್ಟನ್ನು ಮೈ ಮೇಲೆ ಒಣಗಿಸಿ ಉಜ್ಜಿ ಉದುರಿಸಬೇಡಿ, ಹಸಿ ಇರುವಾಗಲೇ ತೊಳೆಯಿರಿ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಸತ್ತ ಕೋಶಗಳನ್ನು ಸಡಿಲಿಸುವ ಮದ್ದೇ ಹೌದು, ಆದರೆ ಅದರಲ್ಲಿರುವುದು ಶೇ 1ರ ಆಸುಪಾಸು. ಹಿತ ಅನಿಸಿದರೆ ಹಚ್ಚಿ, ಪವಾಡ ಬೇಡ. ಇನ್ನು ಹಂಡೆಯ ಸುಡುಸುಡು ನೀರು. ಚಳಿಗಾಲದಲ್ಲಿ ಅದರ ಸುಖವೇ ಬೇರೆ, ಆದರೆ ಗಾರೆಯ ಜಿಡ್ಡು ಬಿಸಿನೀರಿಗೆ ಬೇಗ ಕರಗುತ್ತದೆ. ಕಲಬುರಗಿ, ವಿಜಯಪುರ ಕಡೆಯ ಒಣ ಹವೆಯಲ್ಲಿ ಮೈಯೆಲ್ಲ ಬಿಳಿಬಿಳಿ ಏಳುವವರು ನೀರಿನ ಬಿಸಿಯೊಂದನ್ನು ಇಳಿಸಿ ನೋಡಲಿ.

ಸ್ನಾನ ಆದ ಮೇಲಿನ ಎರಡು ಮೂರು ನಿಮಿಷ ಬಹಳ ಮುಖ್ಯ. ಆಗ ಚರ್ಮ ನೀರು ಕುಡಿದು ಉಬ್ಬಿರುತ್ತದೆ. ಟವೆಲ್ಲನ್ನು ಮೃದುವಾಗಿ ಒತ್ತಿ, ಇನ್ನೂ ಪಸೆ ಇರುವಾಗಲೇ ಎಣ್ಣೆ ಅಥವಾ ಕ್ರೀಮ್ ಹಚ್ಚಿದರೆ ಆ ನೀರು ಒಳಗೇ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಅಷ್ಟು ನೀರೇ ಇರುವುದಿಲ್ಲ. ಅದೇ ಎಣ್ಣೆ, ಅದೇ ದುಡ್ಡು, ಹೊತ್ತು ಮಾತ್ರ ಬೇರೆ. ಮೈಗೆ ತೆಂಗಿನೆಣ್ಣೆ ಚೆನ್ನಾಗಿ ಹೊಂದುತ್ತದೆ. ಆಲಿವ್ ಎಣ್ಣೆ ದುಬಾರಿ ಅನ್ನುವ ಕಾರಣಕ್ಕೇ ಶ್ರೇಷ್ಠ ಅಂದುಕೊಳ್ಳಬೇಡಿ. 2013ರಲ್ಲಿ ಬ್ರಿಟನ್ನಿನ ಶೆಫೀಲ್ಡಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಅದು ಚರ್ಮದ ಈ ಗೋಡೆಯನ್ನು ದುರ್ಬಲ ಮಾಡಿತ್ತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಿರಲಿಲ್ಲ. ಒಡೆದ ಹಿಮ್ಮಡಿಗೆ, ತುಟಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ಅಗ್ಗದ ವಸ್ತು ಕಡಿಮೆ. ರಾತ್ರಿ ಹತ್ತು ನಿಮಿಷ ಕಾಲು ನೆನೆಸಿ, ಒರೆಸಿ, ಹಿಮ್ಮಡಿಗೆ ದಪ್ಪಗೆ ಬಳಿದು ಹತ್ತಿಯ ಕಾಲುಚೀಲ ಹಾಕಿ ಮಲಗಿ. ಮೊಡವೆ ಏಳುವ ಮುಖಕ್ಕೆ ಮಾತ್ರ ತೆಂಗಿನೆಣ್ಣೆ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ. ಮೊಡವೆಗೆ ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ, ಅದು ಸುಟ್ಟು ಕಲೆ ಮಾಡುತ್ತದೆ.

ತೆಂಗಿನೆಣ್ಣೆಯ ನಿಜವಾದ ಶಕ್ತಿ ಕಾಣುವುದು ಕೂದಲಿನಲ್ಲಿ. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಅವರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದರು. ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಡೆದದ್ದು ತೆಂಗಿನೆಣ್ಣೆ ಒಂದೇ. ಅವರು ತೆಂಗಿನೆಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳು ಅನ್ನುವುದನ್ನೂ ಹೇಳಬೇಕು. ಆದರೆ ಕಾರಣ ಸ್ಪಷ್ಟವಾಗಿದೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಕಣ ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಎಳೆಯ ಒಳಕ್ಕೆ ಇಳಿಯುತ್ತದೆ. ಕೂದಲು ನೀರು ಹೀರಿ ಉಬ್ಬಿ, ಮತ್ತೆ ಒಣಗಿ ಕುಗ್ಗುವಾಗ ಸವೆಯುತ್ತದೆ. ಒಳಗೆ ಎಣ್ಣೆ ಇದ್ದರೆ ಅಷ್ಟು ಉಬ್ಬುವುದಿಲ್ಲ. ಹಾಗಾಗಿ ಎಣ್ಣೆಯನ್ನು ತಲೆಸ್ನಾನಕ್ಕೆ ಮುಂಚೆ ಹಚ್ಚುವುದು ಸರಿ. ಯುಗಾದಿ, ದೀಪಾವಳಿಯ ಎಣ್ಣೆ ಸ್ನಾನದ ಕ್ರಮ ಇದೇ ಅಲ್ವಾ? ಹಿಂದಿನ ರಾತ್ರಿ ಅಥವಾ ಒಂದು ಗಂಟೆ ಮೊದಲು, ಮುಖ್ಯವಾಗಿ ತುದಿಗಳಿಗೆ ಹಚ್ಚಿ. ತೊಳೆಯಲು ಸೀಗೆಕಾಯಿ ಆಗಬಹುದು, ಚುಜ್ಜಲ ಪುಡಿ ಆಗಬಹುದು, ಶಾಂಪೂ ಆಗಬಹುದು. ಸೀಗೆ, ಅಂಟುವಾಳದ ನೊರೆ ಬರುವುದು ಅವುಗಳ ಸಪೋನಿನ್‌ನಿಂದ, ಜಿಡ್ಡು ತೆಗೆಯುವುದೂ ಅದೇ. ಕಣ್ಣಿಗೆ ಬಿದ್ದರೆ ಉರಿಯುವುದೂ ಅದರಿಂದಲೇ, ಹುಷಾರು.

ಎಣ್ಣೆ ಹೊಸ ಕೂದಲು ಹುಟ್ಟಿಸುವುದಿಲ್ಲ. ಬೇರು ಇರುವುದು ಚರ್ಮದೊಳಗೆ, ಅದಕ್ಕೆ ಊಟ ಸಿಗುವುದು ರಕ್ತದಿಂದ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಣಂತನದ ಮೂರ್ನಾಲ್ಕು ತಿಂಗಳಿಗೆ, ಜೋರು ಜ್ವರ ಬಂದು ಹೋದ ಮೇಲೆ ಜಾಸ್ತಿ ಉದುರಿ ಮತ್ತೆ ಬೆಳೆಯುತ್ತದೆ. ತಲೆಹೊಟ್ಟಿಗೆ ಎಣ್ಣೆ ಹಚ್ಚುವುದಂತೂ ತಪ್ಪು. ಹೊಟ್ಟಿನ ಹಿಂದಿರುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಶಿಲೀಂಧ್ರ ಕೊಲ್ಲುವ ಕೀಟೊಕೊನಜೋಲ್ ಎಂಬ ಮದ್ದು ಇರುವ ಶಾಂಪೂವನ್ನು ಬುಡಕ್ಕೆ ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಹಚ್ಚಿದ ತಕ್ಷಣ ತೊಳೆದು, ಮದ್ದು ನಾಟಲಿಲ್ಲ ಅನ್ನುವವರೇ ಜಾಸ್ತಿ.

ಬಿಸಿಲಿನ ವಿಷಯಕ್ಕೆ ಬಂದರೆ, ನಮ್ಮ ಊರುಗಳಲ್ಲಿ ಹೆಚ್ಚು ಜನ ಮರೆತಿರುವ ಸೌಂದರ್ಯ ಸಾಧನ ಕೊಡೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಸಾಮಾನ್ಯ ಕೈಕೊಡೆಗಳು ನೇರಳಾತೀತ ಕಿರಣದ ಕನಿಷ್ಠ ಶೇ 77ರಷ್ಟನ್ನು ತಡೆದವು. ಕಪ್ಪು ಕೊಡೆಗಳು ಕನಿಷ್ಠ ಶೇ 90ರಷ್ಟನ್ನು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಇಲ್ಲಿ ಈ ಕಿರಣ ಎಷ್ಟು ಜೋರು ಅಂತ ಹೇಳುವ ನೇರಳಾತೀತ ಸೂಚ್ಯಂಕ 11 ದಾಟುತ್ತದೆ, ಅಂದರೆ ವಿಪರೀತ. ನೆಲದಿಂದ, ಗೋಡೆಯಿಂದ ಪುಟಿದು ಬರುವ ಬೆಳಕನ್ನು ಕೊಡೆ ತಡೆಯುವುದಿಲ್ಲ, ಅದಕ್ಕೆ ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಂಕಿ) 30 ಸಾಕು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೆ ಹಿಂಡಿದಷ್ಟು ಮುಖಕ್ಕೂ ಕತ್ತಿಗೂ ಬೇಕು. ಕೆನ್ನೆಯ ಮೇಲೆ ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಏರಿಸುತ್ತದೆ. ಅವರು ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೇಳಿ ತೆಗೆದುಕೊಳ್ಳಬೇಕು.

ಬಂಗಿಗೆ, ಮೊಡವೆ ಕಲೆಗೆ, ಬೆಳ್ಳಗಾಗಲು ಅಂತ ಅಂಗಡಿಯಲ್ಲಿ ಕೇಳಿ ತರುವ ಕ್ರೀಮುಗಳೇ ಎಲ್ಲಕ್ಕಿಂತ ದೊಡ್ಡ ಅಪಾಯ. ಕೆಲವದರಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದು 2023ರಲ್ಲಿ ಸುದ್ದಿಯಾಯಿತು. ತಯಾರಕರ ಹೆಸರು, ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಮನೆಗೆ ತರಲೇಬೇಡಿ. ಇನ್ನು ಕೆಲವು ಟ್ಯೂಬುಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಇವು ಸ್ಟೆರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂದಿತು, ಆದರೂ ಸಿಗುತ್ತವೆ. ಮೊದಲ ಒಂದೆರಡು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಂಡು, ಮೊಡವೆ, ರೋಮ ಜಾಸ್ತಿಯಾಗುತ್ತವೆ. ನಿಲ್ಲಿಸಿದ ಕೂಡಲೇ ಮುಖ ಉರಿಯುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ನೀವು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಹೊಸ ಟ್ಯೂಬ್ ಕೊಳ್ಳುವ ಮೊದಲು ಹಳೆಯದನ್ನು ಹಿಡಿದುಕೊಂಡೇ ಚರ್ಮ ವೈದ್ಯರ ಹತ್ತಿರ ಹೋಗಿ. ಅದನ್ನು ಹೇಗೆ ಬಿಡಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಜಿಲ್ಲಾಸ್ಪತ್ರೆಗಳಲ್ಲೂ ಚರ್ಮದ ವಿಭಾಗ ಇರುತ್ತದೆ.