ಬ್ರೇಕ್ ಹಿಡಿಯದಿದ್ದಾಗ ಕಾಲಿಗೆ ಏನು ತಿಳಿಯುತ್ತದೆ?

ಆಗುಂಬೆ ಘಾಟಿ ಇಳಿದು ಸೋಮೇಶ್ವರ ತಲುಪುವ ಹೊತ್ತಿಗೆ ಭಾರದ ಎಸ್‌ಯುವಿಯೊಂದರ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುವುದು ಅಪರೂಪವೇನಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವುಗಳು; ಅಷ್ಟು ದೂರವೂ ಕಾಲು ಬ್ರೇಕಿನ ಮೇಲೆಯೇ. ಮರುದಿನ ಸರ್ವಿಸ್ ಸೆಂಟರಿನಲ್ಲಿ ‘ಬ್ರೇಕ್ ಹಿಡಿಯಲೇ ಇಲ್ಲ’ ಎಂಬ ದೂರು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, ‘ಸರಿಯಾಗಿಯೇ ಇದೆಯಲ್ಲ ಸಾರ್’ ಎನ್ನುತ್ತಾನೆ. ಜಗಳ ಶುರುವಾಗುತ್ತದೆ. ಇಬ್ಬರ ಮಾತೂ ನಿಜವಿರಬಹುದು ಎಂಬುದೇ ಇಲ್ಲಿನ ಸ್ವಾರಸ್ಯ.

ಸ್ವಲ್ಪ ಲೆಕ್ಕ ಹಾಕೋಣ. ಜನ, ಸಾಮಾನು ಸೇರಿ ಗಾಡಿಯ ತೂಕ 2,000 ಕಿಲೋ, ಇಳಿಯುವ ಎತ್ತರ 500 ಮೀಟರ್ ಎಂದಿಟ್ಟುಕೊಂಡರೆ ಹೊರಬೀಳುವ ಶಕ್ತಿ ಸುಮಾರು 98 ಲಕ್ಷ ಜೂಲ್. ಮೂವತ್ತು ಲೀಟರಿನಷ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಗೆ. ಚಕ್ರದ ಜೊತೆ ತಿರುಗುವ ನಾಲ್ಕು ಡಿಸ್ಕ್‌ಗಳಲ್ಲಿ ಒಟ್ಟು 40 ಕಿಲೋ ಎರಕದ ಕಬ್ಬಿಣವಿದ್ದು, ಗಾಳಿಗೆ ಬಿಸಿ ಆರದೇ ಹೋದರೆ ಅದರ ಉಷ್ಣತೆ 500 ಡಿಗ್ರಿಗೂ ಮೀರಿ ಏರಬೇಕು. ಗಾಳಿ ಇರುವುದರಿಂದ ಅಷ್ಟಕ್ಕೆ ಹೋಗುವುದಿಲ್ಲ, ಆದರೂ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳು ಬೇಯುವಷ್ಟು ಬಿಸಿ ಖಂಡಿತ ಆಗುತ್ತದೆ. ಪ್ಯಾಡಿನೊಳಗಿನ ಅಂಟು ಪದಾರ್ಥ ಅನಿಲವಾಗಿ ಹೊರಬಂದು ಘರ್ಷಣೆ ಕುಸಿಯುತ್ತದೆ. ಆಗ ಪೆಡಲ್ ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ತಣಿದ ಮೇಲೆ ಎಲ್ಲವೂ ಮೊದಲಿನಂತೆ. ಮೆಕ್ಯಾನಿಕ್‌ಗೆ ಏನೂ ಸಿಗದಿರುವುದು ಇದಕ್ಕೇ.

ಇದಕ್ಕಿಂತ ಭಯ ಹುಟ್ಟಿಸುವುದು ಪೆಡಲ್ ಮೆತ್ತಗಾಗಿ ಪಾತಾಳಕ್ಕಿಳಿಯುವ ಸ್ಥಿತಿ. ನಾವು ಬ್ರೇಕ್ ಆಯಿಲ್ ಎನ್ನುವುದು ಎಣ್ಣೆಯೇ ಅಲ್ಲ. ಸಾಮಾನ್ಯ ಕಾರುಗಳಲ್ಲಿ ಅದು ಕಾಲಿನ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸುವ ಗ್ಲೈಕಾಲ್ ಜಾತಿಯ ದ್ರವ. ತೇವ ಹೀರುವುದು ಅದರ ಹುಟ್ಟುಗುಣ. ರಬ್ಬರ್ ಕೊಳವೆಯ ಮೂಲಕವೂ ತೇವ ಒಳಗೆ ನುಸುಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ 230 ಡಿಗ್ರಿಯವರೆಗಾದರೂ ಕುದಿಯಬಾರದು ಎಂಬುದು ನಿಯಮ. ಅದೇ ದ್ರವದಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಮಾನದಂಡವೇ 155 ಡಿಗ್ರಿಗೆ ಇಳಿಯುತ್ತದೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಾದು ಅಲ್ಲೊಂದು ಆವಿಯ ಗುಳ್ಳೆ ಎದ್ದಿತೆನ್ನಿ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿದುಹೋಗುತ್ತದೆ. ಗಾಡಿ ಅರ್ಧ ಗಂಟೆ ನಿಂತರೆ ಆವಿ ಮತ್ತೆ ದ್ರವವಾಗಿ ಸಾಕ್ಷಿ ಮಾಯ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಿ ಎಂದು ಬಹುತೇಕ ಕಂಪನಿಗಳ ಕೈಪಿಡಿಯಲ್ಲಿರುತ್ತದೆ. ಸೀಟ್ ಕವರಿಗೆ ಧಾರಾಳವಾಗಿ ಹಣ ಸುರಿಯುವವರು ಇದಕ್ಕೆ ‘ಈ ಸಲ ಬೇಡ, ಮುಂದಿನ ಸರ್ವಿಸ್‌ಗೆ ನೋಡೋಣ’ ಎನ್ನುವುದನ್ನು ಕೇಳಿದಾಗ ನನಗೆ ಮೈ ಉರಿಯುತ್ತದೆ.

ಪೆಡಲ್ ಕಲ್ಲಿನಂತೆ ಗಡುಸಾಗಿ ಕೆಳಗಿಳಿಯದಿದ್ದರೆ ಸಂಶಯ ಬೂಸ್ಟರಿನ ಮೇಲೆ. ನಿರ್ವಾತದ ನೆರವಿನಿಂದ ಕಾಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುವ ಡಬ್ಬಿ ಅದು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವ ಮಹಾನುಭಾವರಿಗೆ ಉಳಿದ ನಿರ್ವಾತ ಎರಡು ಮೂರು ಒತ್ತುವಿಕೆಗೆ ಸಾಲುತ್ತದೆ. ಆಮೇಲೆ ಬರೀ ತೊಡೆಯ ಬಲ. ಹಲವು ಹೊಸ ಗಾಡಿಗಳಲ್ಲಿ ಈ ಕೆಲಸವನ್ನು ವಿದ್ಯುತ್ ಮೋಟಾರ್ ಮತ್ತು ಕಂಪ್ಯೂಟರ್ ವಹಿಸಿಕೊಂಡಿವೆ. ಪೆಡಲ್‌ನಿಂದ ಕಾಲಿಗೆ ಸಿಗುವ ಪ್ರತಿರೋಧವೂ ಎಷ್ಟೋ ಕಡೆ ಸ್ಪ್ರಿಂಗ್ ಸೃಷ್ಟಿಸಿದ್ದು. ಹಾಗಾಗಿ ದೋಷದ ಸುದ್ದಿ ಕಾಲಿಗೆ ಬರುವ ಮೊದಲು ಡ್ಯಾಶ್‌ಬೋರ್ಡಿನ ದೀಪಕ್ಕೆ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಿಎಂಡಬ್ಲ್ಯು ಸಂಸ್ಥೆ ಕಾಂಟಿನೆಂಟಲ್ ಪೂರೈಸಿದ ಇಂಥ ಸಮಗ್ರ ಬ್ರೇಕ್ ಘಟಕದ ತೊಂದರೆಯಿಂದಾಗಿ ಜಗತ್ತಿನಾದ್ಯಂತ ಸುಮಾರು 15 ಲಕ್ಷ ಕಾರುಗಳ ಬಗ್ಗೆ ಕ್ರಮ ಕೈಗೊಳ್ಳಬೇಕಾಯಿತು. ಅವುಗಳಲ್ಲಿ ಎಸ್‌ಯುವಿಗಳೂ ಇದ್ದವು.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುವ ದೂರು ಇನ್ನೂ ಸಾಮಾನ್ಯ. ಡಿಸ್ಕ್ ಬೆಂಡಾಗಿದೆ ಎನ್ನುವುದು ಗ್ಯಾರೇಜಿನ ವಾಡಿಕೆಯ ತೀರ್ಪು. ಹೆಚ್ಚಿನ ಸಲ ಅದು ಬಾಗಿರುವುದಿಲ್ಲ. ಸುತ್ತಲೂ ದಪ್ಪ ಒಂದೇ ಸಮ ಇರುವುದಿಲ್ಲ, ಅಷ್ಟೇ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ಏರುಪೇರಾದರೂ ಕೈಗೆ ಗೊತ್ತಾಗುತ್ತದೆ.

ಹೈಬ್ರಿಡ್ ಮತ್ತು ವಿದ್ಯುತ್ ಎಸ್‌ಯುವಿಗಳ ಸಮಸ್ಯೆ ಬೇರೆಯೇ. ಅಲ್ಲಿ ಮೋಟಾರೇ ಜನರೇಟರ್ ಆಗಿ ವೇಗವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಆ ಶಕ್ತಿಗೆ ಜಾಗವಿಲ್ಲದೆ ಡಿಸ್ಕ್‌ಗಳೇ ದುಡಿಯಬೇಕು. ಉಳಿದ ದಿನಗಳಲ್ಲಿ ಅವುಗಳಿಗೆ ಕೆಲಸವೇ ಕಡಿಮೆ. ಮಳೆಗಾಲದಲ್ಲಿ ಒಂದು ರಾತ್ರಿ ಹೊರಗೆ ನಿಂತರೆ ಸಾಕು, ಬೆಳಗ್ಗೆ ಡಿಸ್ಕ್ ಮೇಲೆ ಕೆಂಪು ತುಕ್ಕಿನ ಪೊರೆ. ಪೆಟ್ರೋಲ್ ಗಾಡಿಯಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದು ಉಜ್ಜಿಹೋಗುತ್ತದೆ. ಇಲ್ಲಿ ಉಜ್ಜುವ ಪ್ರಸಂಗವೇ ಬಾರದೆ ತುಕ್ಕು ಆಳಕ್ಕೆ ಇಳಿಯುತ್ತದೆ, ಕೊನೆಗೆ ಕರಕರ ಸದ್ದಿನ ದೂರು. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಎಂಬ ವಿದ್ಯುತ್ ಎಸ್‌ಯುವಿಯ ಹಿಂದಿನ ಚಕ್ರಗಳಿಗೆ ಡಿಸ್ಕಿನ ಬದಲು ಹಳೆಯ ಕಾಲದ, ಅಗ್ಗದ ಡ್ರಮ್ ಬ್ರೇಕ್ ಕೂರಿಸಿದಾಗ ಇದೆಂಥ ಜಿಪುಣತನ ಎಂದು ಮೂಗು ಮುರಿದವರಿದ್ದರು. ಮುಚ್ಚಿದ ಡ್ರಮ್ಮಿನೊಳಗೆ ನೀರು, ಕೆಸರು ಸುಲಭವಾಗಿ ಸೇರುವುದಿಲ್ಲ, ದಿನಗಟ್ಟಲೆ ಬಳಸದಿದ್ದರೂ ಒಳಮೈ ಹಾಳಾಗುವುದು ಕಡಿಮೆ ಎಂಬುದು ಎಂಜಿನಿಯರುಗಳ ಲೆಕ್ಕಾಚಾರವಾಗಿತ್ತು.